ಈರುಳ್ಳಿ ಬೇರಿನ ಮೈಟಾಸಿಸ್ ಕಿಟ್: ಸ್ಟೇನ್ ಸೂಪರ್, ಚಾರ್ಟ್ ಸಾಲದು

ನಮ್ ಕಾಲೇಜ್ ಲ್ಯಾಬ್‌ಗೆ ಆನ್‌ಲೈನಲ್ಲಿ ತರಿಸಿದ್ ಕಿಟ್ ಇದು, ಮೈಟಾಸಿಸ್ ಅಂದ್ರೆ ಒಂದು ಕೋಶ ಒಡೆದು ಎರಡಾಗೋದನ್ನ ಮೈಕ್ರೋಸ್ಕೋಪಲ್ಲಿ ನೋಡೋಕೆ. ಅಸಿಟೋಕಾರ್ಮೈನ್ ಅನ್ನೋ ಸ್ಟೇನ್ (ಬಣ್ಣ), ಹೈಡ್ರೋಕ್ಲೋರಿಕ್ ಆಸಿಡ್, ಸ್ಲೈಡು, ಕವರ್‌ಸ್ಲಿಪ್ಪು, ಒಂದು ಚಾರ್ಟು ಇರುತ್ತೆ, ಈರುಳ್ಳಿ ಮಾತ್ರ ನಾವೇ ನೀರಿನ ಮೇಲಿಟ್ಟು ಬೇರು ಬರಿಸ್ಕೋಬೇಕು. ಸ್ಟೇನ್ ನಿಜವಾಗ್ಲೂ ಚೆನ್ನಾಗಿದೆ. ಬೇರಿನ ತುದಿ ಒಂದೆರಡು ಮಿಲಿಮೀಟರ್ ಕಟ್ ಮಾಡಿ ಆಸಿಡ್‌ನಲ್ಲಿ ಮೆತ್ತಗಾಗಿಸಿ, ಸ್ಟೇನ್ ಹಾಕಿ ಸ್ವಲ್ಪ ಬಿಸಿ ತೋರಿಸಿ ಹೆಬ್ಬೆರಳಲ್ಲಿ ಒತ್ತಿದ್ರೆ ಕ್ರೋಮೋಸೋಮ್‌ಗಳು ಕಡುಗೆಂಪಗೆ ನಡುವಲ್ಲಿ ಸಾಲಾಗಿ ನಿಂತಿರೋದು ಕಾಣುತ್ತೆ, ಈರುಳ್ಳೀಲಿ ಒಟ್ಟು 16.

ಬೇಜಾರಾಗಿದ್ದು ಚಾರ್ಟ್ ನೋಡಿ. ಪ್ರೊಫೇಸ್, ಮೆಟಾಫೇಸ್ ಅಂತ ಹಂತಗಳ ಹೆಸ್ರು ಬಿಟ್ರೆ ಏನಿಲ್ಲ. ಕೋಶ ಯಾವಾಗ ಒಡೀಬೇಕು ಅಂತ ಹಿಡಿತದಲ್ಲಿ ಇಟ್ಕೊಂಡಿರೋದೇ ಸಿಡಿಕೆ ಅನ್ನೋ ಎಂಜೈಮ್‌ಗಳು, ಅವು ಸೈಕ್ಲಿನ್ ಅನ್ನೋ ಪ್ರೋಟೀನ್ ಜೊತೆ ಸೇರಿದ್ರೇನೇ ಬೇರೆ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಸೋದು, ಸಕ್ಕರೆ ಮತ್ತೆ ಸೈಟೋಕೈನಿನ್ ಅನ್ನೋ ಗಿಡದ ಹಾರ್ಮೋನ್ ಸಿಕ್ಕಾಗ ಡಿ ಟೈಪ್ ಸೈಕ್ಲಿನ್ ಹೆಚ್ಚಾಗಿ ಜಿ1 ಅನ್ನೋ ಬೆಳವಣಿಗೆ ಹಂತ ದಾಟಿ ಡಿಎನ್ಎ ನಕಲು ಶುರುವಾಗುತ್ತೆ, ಬೇಡ ಅಂದಾಗ ಕೆಆರ್‌ಪಿ ಅನ್ನೋ ಪ್ರೋಟೀನ್‌ಗಳು ಸಿಡಿಕೆಗೆ ಬ್ರೇಕ್ ಹಾಕ್ತವೆ. ಗಿಡಗಳಲ್ಲಿ ಸಿಡಿಕೆ-ಬಿ ಅಂತ ಬೇರೇನೇ ಒಂದು ಗುಂಪಿದೆ, ಪ್ರಾಣಿಗಳಲ್ಲಿ ಇಲ್ಲ, ನಕಲಾದ್ಮೇಲಿನ ಜಿ2 ಹಂತ ಮುಗಿದು ಮೈಟಾಸಿಸ್‌ಗೆ ಹೋಗೋವಾಗ ಅದ್ರ ಕೆಲ್ಸ ಜೋರು. ಸಿಡಿಕೆ-ಸೈಕ್ಲಿನ್ ಕಂಡುಹಿಡಿದೋರಿಗೆ 2001ರಲ್ಲಿ ನೊಬೆಲ್ ಬಂದಿದೆ, ಅಂಥಾ ವಿಷ್ಯಕ್ಕೆ ಚಾರ್ಟಲ್ಲಿ ಒಂದು ಸಾಲೂ ಇಲ್ವಾ? ಮಕ್ಳು ಚಿತ್ರ ಬರೆದು ಮಾರ್ಕ್ಸ್ ತಗೊಂಡು ಹೋಗ್ಬಿಡ್ತಾರೆ, ಕೋಶ ಯಾಕೆ ಒಡೀತು ಅಂತ ಕೇಳಲ್ಲ.

ಸ್ಟೇನ್‌ಗೋಸ್ಕರ ಧೈರ್ಯವಾಗಿ ತಗೊಳ್ಳಿ, ಕವರ್‌ಸ್ಲಿಪ್ ಮಾತ್ರ ಬೇರೆ ಕಡೆ ತಗೊಂಡ್ರೆ ಒಳ್ಳೇದು, ಒತ್ತೋವಾಗ ಬೇಗ ಸೀಳು ಬಿಡ್ತಾವೆ.