ಎಣ್ಣೆ ಸೋರಿದ ಹೊಲಕ್ಕೆ ಯಾವ ಬ್ಯಾಕ್ಟೀರಿಯಾ?

ಕಚ್ಚಾ ತೈಲ ಸೋರಿದ ಹೊಲಕ್ಕೆ ಹೊರಗಿನಿಂದ ಬ್ಯಾಕ್ಟೀರಿಯಾ ತಂದು ಬೆರೆಸಬಹುದು. ಇಂಧನ, ಪರಿಸರ ಸಂಶೋಧನೆ ಮಾಡುವ ದೆಹಲಿಯ ಟೆರಿ ಸಂಸ್ಥೆಯ ‘ಆಯಿಲ್‌ಜ್ಯಾಪರ್’ ಇಂಥದ್ದು. ಎಣ್ಣೆ ತಿನ್ನುವ ಹಲವು ತಳಿಗಳನ್ನು ಮೆಕ್ಕೆಜೋಳದ ದಿಂಡಿನ ಪುಡಿಯಲ್ಲಿ ಸೇರಿಸಿರುತ್ತಾರೆ. ಇಲ್ಲವೇ, ಮಣ್ಣಿನಲ್ಲೇ ಇರುವ ಬ್ಯಾಕ್ಟೀರಿಯಾಕ್ಕೆ ಗೊಬ್ಬರ ಕೊಟ್ಟು ಬೆಳೆಸಬಹುದು. 1989ರಲ್ಲಿ ಎಕ್ಸಾನ್ ವಾಲ್ಡೀಸ್ ಎಂಬ ತೈಲ ಹಡಗಿನಿಂದ ಎಣ್ಣೆ ಸೋರಿದ ನಂತರ ಅಮೆರಿಕದ ಅಲಾಸ್ಕಾ ತೀರದಲ್ಲಿ ಮಾಡಿದ್ದು ಇದನ್ನೇ.

ಎಣ್ಣೆಯಲ್ಲಿ ಇಂಗಾಲ ಜಾಸ್ತಿ, ಸಾರಜನಕ ತೀರಾ ಕಡಿಮೆ. ಹಾಗಾಗಿ ಗೊಬ್ಬರವಿಲ್ಲದೆ ತಂದ ತಳಿಯೂ ಸೊರಗುತ್ತದೆ. ಈ ಎರಡೂ ದಾರಿಗೆ ಉಳುಮೆ, ತೇವ ಬೇಕೇ ಬೇಕು. ಮಣ್ಣಿನಲ್ಲಿ ಗಾಳಿ ಆಡದಿದ್ದರೆ ಸುಮ್ನೆ ಖರ್ಚು.

ಸೋರಿಕೆ ಹಗುರವಾಗಿದ್ದರೆ ಗೊಬ್ಬರದ ದಾರಿಯೇ ಮೇಲು, ಖರ್ಚೂ ಕಮ್ಮಿ. ಎಣ್ಣೆ ಕೆಸರು ದಪ್ಪಗೆ ಕೂತಿದ್ದರೆ ನಾನು ತಂದ ತಳಿಯನ್ನೇ ಆರಿಸುತ್ತೇನೆ. ಡಾಂಬರಿನಂಥ ಭಾರೀ ಅಂಶ ಮಾತ್ರ ಯಾವುದಕ್ಕೂ ಬೇಗ ಕರಗದು. ಮಣ್ಣು ಪರೀಕ್ಷೆಗೆ ಮೊದಲು ಬಿತ್ತನೆ ಮಾಡಬೇಡಿ.