ಪೈನ್‌ಫೋನ್, ಹಳೇ ಹ್ಯಾಂಡ್‌ಸೆಟ್‌ನಲ್ಲಿ ಪೋಸ್ಟ್‌ಮಾರ್ಕೆಟ್‌ಓಎಸ್, ಮಾಮೂಲಿ ಆಂಡ್ರಾಯ್ಡ್: ಮೂರನ್ನೂ ಬಳಸಿ ನೋಡಿದ್ದು

ಆಂಡ್ರಾಯ್ಡ್ ಬದಲು ಕಂಪ್ಯೂಟರಿನ ಥರದ ಲಿನಕ್ಸ್ ಓಡಿಸುವ ಪೈನ್‌ಫೋನಿನ ಹಿಂಬದಿ ಮುಚ್ಚಳಕ್ಕೆ ಸ್ಕ್ರೂ ಇಲ್ಲ, ಅಂಟೂ ಇಲ್ಲ. ಕೆಳಮೂಲೆಯಲ್ಲಿ ಉಗುರು ಸಿಕ್ಕಿಸಿ ಎಬ್ಬಿದರೆ ಟಕ್ಕೆಂದು ಬಿಟ್ಟುಕೊಳ್ಳುತ್ತದೆ. ಒಳಗೆ ಸಾಲಾಗಿ ಆರು ಪುಟ್ಟ ಸ್ವಿಚ್‌ಗಳು: ಮೋಡೆಮ್ (ಸಿಮ್‌ನ ಕರೆ, ಡೇಟಾ ನೋಡಿಕೊಳ್ಳುವುದು), ವೈಫೈ-ಬ್ಲೂಟೂತ್, ಮೈಕ್, ಹಿಂದಿನ ಕ್ಯಾಮೆರಾ, ಮುಂದಿನ ಕ್ಯಾಮೆರಾ, ಕೊನೆಯದು ಹೆಡ್‌ಫೋನಿನದು. ಬೆರಳಿಗೆ ಸಿಗುವಷ್ಟು ದೊಡ್ಡವಲ್ಲ, ಕಡ್ಡಿಯ ತುದಿಯಿಂದ ಸರಿಸಬೇಕು. ಮೈಕ್ ಸ್ವಿಚ್ ಆಫ್ ಮಾಡಿದರೆ ಯಾವ ಸಾಫ್ಟ್‌ವೇರ್ ಬಂದರೂ ಅದನ್ನು ಆನ್ ಮಾಡಲಾರದು. ಆರನೆಯದನ್ನು ಆಫ್ ಮಾಡಿದರೆ ಇನ್ನೂ ಮಜಾ: ಹೆಡ್‌ಫೋನ್ ತೂತು ಸೀರಿಯಲ್ ಪೋರ್ಟ್ ಆಗಿಬಿಡುತ್ತದೆ, ಫೋನ್ ಬೂಟ್ ಆಗುವಾಗ ಹೊರಡುವ ಸಾಲುಗಳನ್ನು ಲ್ಯಾಪ್‌ಟಾಪಿನಲ್ಲಿ ಕೂತು ಓದಬಹುದು. ಇದಕ್ಕೆ ನಾನು ಮರುಳಾದವನು. ಮುಂದಿನದನ್ನು ಆ ಲೆಕ್ಕ ಹಿಡಿದೇ ಓದಿ. (ಲಿಬ್ರೆಮ್ 5 ಎಂಬ ಇನ್ನೊಂದು ಲಿನಕ್ಸ್ ಫೋನಿನಲ್ಲಿ ಈ ಕೆಲಸಕ್ಕೆ ಪಕ್ಕದಲ್ಲೇ ಮೂರು ಸ್ವಿಚ್‌ಗಳಿವೆ, ಮುಚ್ಚಳ ತೆಗೆಯುವ ರಗಳೆ ಇಲ್ಲ. ಅದನ್ನು ನಾನು ಬಳಸಿಲ್ಲ.)

ವೇಗದ ಮಾತಿಗೆ ಬಂದರೆ ಪೈಪೋಟಿಯೇ ಇಲ್ಲ. ಪೈನ್‌ಫೋನಿನದು ಆಲ್‌ವಿನ್ನರ್ ಎ64 ಚಿಪ್, ನಾಲ್ಕು ಕಾರ್ಟೆಕ್ಸ್-ಎ53 ಕೋರ್, ನನ್ನದರಲ್ಲಿ 3 ಜಿಬಿ ರ‍್ಯಾಮ್. ಫೈರ್‌ಫಾಕ್ಸ್ ಒತ್ತಿ, ಅದು ತೆರೆಯುವಷ್ಟರಲ್ಲಿ ಏನು ಹುಡುಕಬೇಕಿತ್ತು ಎಂದು ಇನ್ನೊಮ್ಮೆ ಯೋಚಿಸಬಹುದು. ಆಂಡ್ರಾಯ್ಡ್ ಕಣ್ಣು ಮಿಟುಕಿಸುವುದರೊಳಗೆ ತೆರೆಯುತ್ತದೆ. ಕ್ಯಾಮೆರಾವೂ ಅಷ್ಟೇ. 5 ಮೆಗಾಪಿಕ್ಸೆಲ್‌ನಲ್ಲಿ ರಸೀದಿಯ ಫೋಟೋ ತೆಗೆಯಬಹುದು, ಓಡಾಡುವ ಮಗುವಿನದು ಬೇಡ.

ಎರಡನೆಯ ದಾರಿ, ಡ್ರಾಯರಿನಲ್ಲಿ ಬಿದ್ದಿದ್ದ ಹಳೇ ಆಂಡ್ರಾಯ್ಡ್ ಹ್ಯಾಂಡ್‌ಸೆಟ್. ಅದರ ಕಂಪನಿ ಅಪ್‌ಡೇಟ್ ಕೊಡುವುದನ್ನು ಎಂದೋ ನಿಲ್ಲಿಸಿತ್ತು, ಯಂತ್ರ ಮಾತ್ರ ಗಟ್ಟಿಮುಟ್ಟಾಗಿತ್ತು. ಪೋಸ್ಟ್‌ಮಾರ್ಕೆಟ್‌ಓಎಸ್ ಎಂಬ ಫೋನಿನ ಲಿನಕ್ಸ್ 2017ರಲ್ಲಿ ಶುರುವಾದದ್ದೇ ಇಂಥವುಗಳಿಗಾಗಿ, ಫೋನಿಗೆ ಹತ್ತು ವರ್ಷ ಆಯಸ್ಸು ಕೊಡಬೇಕೆಂಬ ಗುರಿಯಿಂದ. ಬೂಟ್‌ಲೋಡರ್ (ಫೋನ್ ಆನ್ ಆದಾಗ ಓಎಸ್ ಎಬ್ಬಿಸುವ ಭಾಗ) ಅನ್‌ಲಾಕ್ ಮಾಡಿ, ಒಂದು ಸಂಜೆ ಕೂತು ಹಾಕಿದೆ. ಪರದೆ, ಟಚ್, ವೈಫೈ ಎಲ್ಲಾ ಬಂತು. ಐಕಾನು, ಮೆನು ತೋರಿಸುವ ಫಾಶ್ ಎಂಬ ಹೊರಮುಖ ಪೈನ್‌ಫೋನಿಗಿಂತ ಎಷ್ಟೋ ಚುರುಕಾಗಿ ಓಡಿತು. ಹುಮ್ಮಸ್ಸಿನಲ್ಲಿ ಸಿಮ್ ಹಾಕಿಯೇಬಿಟ್ಟೆ.

ಮಾರನೇ ದಿನ ಅಕ್ಕನ ಕರೆ ಬಂತು. ರಿಂಗ್ ಆಯಿತು, ಎತ್ತಿದೆ. ‘ಹಲೋ, ಅಕ್ಕಾ’ ಎಂದೆ. ಏನೂ ಕೇಳಿಸಲಿಲ್ಲ. ಅವಳಿಗೂ ನನ್ನ ದನಿ ಹೋಗುತ್ತಿರಲಿಲ್ಲ. ಆಮೇಲೆ ‘ಎತ್ತಿ ಯಾಕೋ ಸುಮ್ಮನಿದ್ದೆ?’ ಎಂದು ಮೆಸೇಜ್ ಹಾಕಿದಳು. ಆ ಮಾಡೆಲ್‌ನ ವಿಕಿ ಪುಟದಲ್ಲಿ ಏನೇನು ನಡೆಯುತ್ತದೆ, ಏನು ನಡೆಯುವುದಿಲ್ಲ ಎಂಬ ಪಟ್ಟಿ ಇತ್ತು. ಕರೆಯ ಆಡಿಯೋ ಇಲ್ಲ ಎಂದು ಅದರಲ್ಲೇ ಬರೆದಿತ್ತು. ಓದದೇ ಹಾರಿದವನು ನಾನು. ಈ ದಾರಿ ಹಿಡಿಯುವವರು ಮೊದಲು ಆ ಪಟ್ಟಿ ನೋಡಿ, ಆಮೇಲೆ ಕೇಬಲ್ ಚುಚ್ಚಿ.

ಬ್ಯಾಂಕ್ ಆ್ಯಪ್ ಈ ಎರಡೂ ಲಿನಕ್ಸ್ ಫೋನ್‌ಗಳಲ್ಲಿ ಸೋತಿತು. ವೇಡ್ರಾಯ್ಡ್ ಎಂಬುದು ಲಿನಕ್ಸ್ ಒಳಗೇ ಒಂದು ಆಂಡ್ರಾಯ್ಡ್ ಕೂರಿಸುತ್ತದೆ, ಸಣ್ಣಪುಟ್ಟ ಆ್ಯಪ್‌ಗಳು ನಡೆಯುತ್ತವೆ. ಬ್ಯಾಂಕಿನದು ಮಾತ್ರ ಯಂತ್ರ ‘ಅಸಲಿ’ಯೇ ಎಂದು ಪರೀಕ್ಷಿಸಿ ಬಾಗಿಲು ಹಾಕಿಕೊಂಡಿತು. ಇದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಆಂಡ್ರಾಯ್ಡಿನ ಒಳಗೂ ಲಿನಕ್ಸ್ ಕರ್ನಲ್ಲೇ (ಓಎಸ್‌ನ ತಿರುಳು) ಇದೆಯಲ್ಲ ಎಂದು ಗೆಳೆಯರು ಕೆಣಕುತ್ತಾರೆ. ಇದೆ. ಆದರೆ ಅಲ್ಲಿ ನಾನು ರೂಟ್, ಅಂದರೆ ಎಲ್ಲ ಅಧಿಕಾರ ಇರುವ ಯಜಮಾನ, ಅಲ್ಲ; ಕೊಂಡಾಗಲೇ ತುಂಬಿ ಬಂದ ಕೆಲವು ಆ್ಯಪ್‌ಗಳನ್ನು ಅಳಿಸಲೂ ಬರುವುದಿಲ್ಲ. ಪೈನ್‌ಫೋನಿಗೆ ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ ಮಾಡುತ್ತೇನೆ (ದೂರದಿಂದಲೇ ಒಳಹೊಕ್ಕು ಆಜ್ಞೆ ಕೊಡುವುದು), ಆರ್‌ಸಿಂಕ್ ಎಂಬ ಫೈಲ್ ನಕಲಿಸುವ ಸಾಧನದಲ್ಲಿ ಫೋಟೋ ಎಳೆದುಕೊಳ್ಳುತ್ತೇನೆ, ನಾಲ್ಕು ಸಾಲಿನ ಶೆಲ್ ಸ್ಕ್ರಿಪ್ಟ್ ಬರೆದು ರಾತ್ರಿ ವೈಫೈ ಆರಿಸುತ್ತೇನೆ. ಮೆಮೊರಿ ಕಾರ್ಡಿನಲ್ಲಿ ಓಎಸ್ ಬರೆದು ಸಿಕ್ಕಿಸಿದರೆ ಮೊದಲು ಅದರಿಂದಲೇ ಬೂಟ್ ಆಗುತ್ತದೆ. ಒಂದು ಕಾರ್ಡಿನಲ್ಲಿ ಮೊಬಿಯನ್, ಇನ್ನೊಂದರಲ್ಲಿ ಪ್ಲಾಸ್ಮಾ ಮೊಬೈಲ್. ಒಳಗಿನ ಓಎಸ್ ತನ್ನ ಪಾಡಿಗೆ ಇರುತ್ತದೆ. ಹಾಗೆಂದು ಪೂರ್ತಿ ಮುಕ್ತ ಎಂದೂ ಅಲ್ಲ. ಮೋಡೆಮ್ ತಾನೇ ಒಂದು ಪುಟ್ಟ ಕಂಪ್ಯೂಟರ್, ಅದರೊಳಗೂ ಲಿನಕ್ಸ್ ಓಡುತ್ತದೆ, ಆದರೆ ರೇಡಿಯೋ ಭಾಗದ ಫರ್ಮ್‌ವೇರ್ (ಚಿಪ್ಪಿನೊಳಗಿನ ಸಾಫ್ಟ್‌ವೇರ್) ಮುಚ್ಚಿದ ಪೆಟ್ಟಿಗೆಯೇ. ಮೊದಲ ಸ್ವಿಚ್ ಇರುವುದು ಅದಕ್ಕೇ.

ಒಂದೇ ಫೋನ್ ಇಟ್ಟುಕೊಳ್ಳುವವರಿಗೆ ನಾನು ಲಿನಕ್ಸ್ ಫೋನ್ ತಗೊಳ್ಳಿ ಎನ್ನಲಾರೆ. ಎರಡು ಹೊರುವ ತಾಳ್ಮೆ ಇದ್ದವರು ಮೊದಲು ಮನೆಯ ಹಳೇ ಹ್ಯಾಂಡ್‌ಸೆಟ್‌ನಲ್ಲೇ ಹಾಕಿ ನೋಡಲಿ, ಖರ್ಚಿಲ್ಲ. ನನ್ನ ಸಿಮ್ ಮತ್ತು ಬ್ಯಾಂಕು ಮಾಮೂಲಿ ಫೋನಿಗೆ ವಾಪಸ್ ಹೋಗಿವೆ. ಟಿಪ್ಪಣಿ, ಪುಸ್ತಕ, ಪಾಸ್‌ವರ್ಡ್ ಪೈನ್‌ಫೋನಿನಲ್ಲಿ, ಒಂದನೆಯ ಮತ್ತು ಮೂರನೆಯ ಸ್ವಿಚ್ ಆಫ್. ಹಳೇ ಹ್ಯಾಂಡ್‌ಸೆಟ್ ಈಗ ರೌಟರ್ ಪಕ್ಕದಲ್ಲಿ ಕೂತು ಬ್ಯಾಕಪ್ ತೆಗೆದುಕೊಳ್ಳುತ್ತದೆ. ಅಲ್ಲಿ ಅದರ ಮಾತು ಯಾರಿಗೂ ಬೇಕಿಲ್ಲ.