ಮೊದಲನೇ ಮಹಡಿಯ ವಕೀಲರ ಆಫೀಸು: ನನ್ನ ಡಬ್ಲ್ಯೂಸಿ ಕೇಸಿನ ಅನುಭವ

ದಾವಣಗೆರೆಯಲ್ಲಿ ನನ್ನ ಡಬ್ಲ್ಯೂಸಿ ಕೇಸು, ಅಂದರೆ ಕೆಲಸದಲ್ಲಿ ಪೆಟ್ಟಾದವನು ಪರಿಹಾರ ಕೇಳುವ ಕೇಸು, ನಡೆಸಿಕೊಟ್ಟ ವಕೀಲರ ಆಫೀಸಿನ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. "ವಕೀಲರು ಜಾಹೀರಾತು ಮಾಡಿಕೊಳ್ಳುವ ಹಾಗಿಲ್ಲಪ್ಪ, ನನ್ನ ಹೆಸರು ಎಲ್ಲೂ ಬರೆಯಬೇಡ" ಎಂದು ಮೇಡಂ ಮೊದಲೇ ಹೇಳಿದ್ದಾರೆ. ಆದರೂ ಒಳ್ಳೆಯ ವಕೀಲರು ಹೇಗೆ ಕೆಲಸ ಮಾಡುತ್ತಾರೆ ಅನ್ನುವುದು ನನ್ನಂಥ ಕೂಲಿಯವರಿಗೆ ಗೊತ್ತಾಗಬೇಕು.

ನಾನು ಬಾರ್ ಬೆಂಡಿಂಗ್ ಕೆಲಸದವನು, ಅಂದರೆ ಕಟ್ಟಡಕ್ಕೆ ಕಬ್ಬಿಣದ ಕಂಬಿ ಬಗ್ಗಿಸಿ ಕಟ್ಟುವವನು. 2021ರ ಆಗಸ್ಟ್‌ನಲ್ಲಿ ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಕಾಲಂಗೆ ರಿಂಗು ಕಟ್ಟುತ್ತಿದ್ದಾಗ ಸಾರುವೆಯ ಹಗ್ಗ ಬಿಚ್ಚಿಕೊಂಡು ಕೆಳಗೆ ಬಿದ್ದೆ. ಇಡೀ ಮೈಭಾರ ಬಲಗಾಲಿನ ಹಿಮ್ಮಡಿಯ ಮೇಲೆ ಬಿತ್ತು. ಮೂಳೆ ಚೂರಾಗಿ ಪ್ಲೇಟು, ಸ್ಕ್ರೂ ಹಾಕಿದರು. ಆಗ ನನಗೆ ಮೂವತ್ತು ವರ್ಷ. ಮೇಸ್ತ್ರಿ ಮಾರನೆ ದಿನದಿಂದಲೇ ಫೋನ್ ಸ್ವಿಚ್ ಆಫ್ ಮಾಡಿಕೊಂಡ. ಬಿಲ್ಡರ್ ಕಡೆಯವರು ಆಸ್ಪತ್ರೆಗೆ ಬಂದು 50,000 ರೂಪಾಯಿ ಕೊಟ್ಟು, ಇನ್ನು ಮುಂದೆ ಏನೂ ಕೇಳುವುದಿಲ್ಲ ಎಂದು ಛಾಪಾ ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋದರು. ಆಪರೇಷನ್ ದುಡ್ಡು ಕಟ್ಟಲೇಬೇಕಿತ್ತು, ಹಾಕಿಬಿಟ್ಟೆ. ಆಸ್ಪತ್ರೆ ಗೇಟಿನ ಹತ್ತಿರ ಇನ್ನೊಬ್ಬ ಸಿಕ್ಕಿ, ಕೇಸು ನಡೆಸಿಕೊಡುತ್ತೇನೆ, ಬಂದದ್ದರಲ್ಲಿ ನೂರಕ್ಕೆ ಇಪ್ಪತ್ತೈದು ನನಗೆ ಅಂದ. ಅವನು ವಕೀಲನೂ ಅಲ್ಲ.

ನಮ್ಮ ಸೆಂಟ್ರಿಂಗ್ ಗೆಳೆಯನೊಬ್ಬ ಮೇಡಂ ಆಫೀಸಿನ ದಾರಿ ತೋರಿಸಿದ. ಆ ಛಾಪಾ ಕಾಗದದ ನಕಲು ಅವರ ಕೈಗೆ ಕೊಡುವಾಗ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಓದಿ ಪಕ್ಕಕ್ಕಿಟ್ಟರು. ಪರಿಹಾರದ ಹಕ್ಕು ಬಿಟ್ಟುಕೊಟ್ಟೆ ಎಂದು ಕೆಲಸಗಾರ ಬರೆದುಕೊಟ್ಟರೆ ಅದಕ್ಕೆ ಬೆಲೆಯಿಲ್ಲ ಎಂದು 1923ರ ನೌಕರರ ನಷ್ಟ ಪರಿಹಾರ ಕಾಯ್ದೆಯಲ್ಲೇ ಇತ್ತಂತೆ. ಆದರೆ ಐವತ್ತು ಸಾವಿರ ತೆಗೆದುಕೊಂಡದ್ದನ್ನು ಮುಚ್ಚಿಡದೆ ಅರ್ಜಿಯಲ್ಲಿ ಬರೆಸಿದರು. ಪಾಲು ಗೀಲು ಏನೂ ಕೇಳಲಿಲ್ಲ. ಗೆದ್ದ ದುಡ್ಡಿನಲ್ಲಿ ಪಾಲು ತೆಗೆದುಕೊಳ್ಳುವುದು ವಕೀಲರಿಗೆ ನಿಷಿದ್ಧ ಎಂದು ಅಲ್ಲೇ ಗೊತ್ತಾಯಿತು. ಒಟ್ಟು ಫೀಸು ಇಷ್ಟು ಎಂದು ಚೀಟಿಯಲ್ಲಿ ಬರೆದು, ಮೂರು ಕಂತಿನಲ್ಲಿ ಕೊಡು ಅಂದರು.

ಆಮೇಲೆ ಅವರು ಕೇಳಿದ್ದೆಲ್ಲ ನಾನು ಎಣಿಸಿಯೇ ಇರದಿದ್ದ ಸಣ್ಣ ಸಣ್ಣ ವಿಷಯಗಳು. ಮೇಸ್ತ್ರಿ ಬಟವಾಡೆ ಹೇಗೆ ಕೊಡುತ್ತಿದ್ದ? ಶನಿವಾರ ಶನಿವಾರ ಫೋನ್‌ಪೇನಲ್ಲಿ ಹಾಕುತ್ತಿದ್ದ, ದಿನಕ್ಕೆ 750ರ ಲೆಕ್ಕ. ಆ ಸಂದೇಶಗಳನ್ನೆಲ್ಲ ಕೆಳಗಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದರು. ನಾನು ಅಲ್ಲಿ ಕೆಲಸಕ್ಕಿದ್ದೆ ಅನ್ನುವುದಕ್ಕೆ ಕೊನೆಗೆ ಉಳಿದ ದೊಡ್ಡ ಸಾಕ್ಷಿ ಅದೇ. ಮೇಸ್ತ್ರಿ ಸಿಗದಿದ್ದರೂ ಪರವಾಗಿಲ್ಲ, ಕಟ್ಟಡ ಕಟ್ಟಿ ಮಾರುವುದೇ ಬಿಲ್ಡರಿನ ವ್ಯಾಪಾರ, ಹಾಗಾಗಿ ಗುತ್ತಿಗೆದಾರನ ಆಳಿಗೂ ಅವನೇ ಹೊಣೆ ಎಂದು ಬಿಲ್ಡರನ್ನೇ ಎದುರುದಾರ ಮಾಡಿದರು. ಸ್ವಂತಕ್ಕೆ ಮನೆ ಕಟ್ಟಿಸುವವರ ಹತ್ತಿರ ಬಿದ್ದಿದ್ದರೆ ಈ ದಾರಿ ಇರುತ್ತಿರಲಿಲ್ಲವಂತೆ. ಅರ್ಜಿ ಹಾಕುವುದಕ್ಕೆ ಎರಡು ವರ್ಷದ ಗಡುವು. ನಾವು ಆರೇ ತಿಂಗಳಿಗೆ ಹಾಕಿದೆವು.

ಒಂದು ಸಂಜೆ ಮೇಡಂ, "ನಿನ್ನ ಕೆಲಸ ಹೇಗಿರುತ್ತೆ, ನಂಗೆ ಮಾಡಿ ತೋರ್ಸು" ಅಂದರು. ಕೊಕ್ಕೆ, ಒಂದು ಹಿಡಿ ಬೈಂಡಿಂಗ್ ವೈರು ತೆಗೆದುಕೊಂಡು ಹೋದೆ. ಅವರ ಟೇಬಲ್ಲಿನ ಕಾಲಿಗೆ ವೈರು ಸುತ್ತಿ ಕಟ್ಟಲು ಕುಕ್ಕರಗಾಲಲ್ಲಿ ಕೂರಲು ಹೋದರೆ ಬಲ ಹಿಮ್ಮಡಿ ನೆಲಕ್ಕೆ ಊರಲೇ ಇಲ್ಲ. ಎರಡು ಸಲ ನೋಡಿದೆ, ಪಕ್ಕಕ್ಕೆ ವಾಲಿಬಿಟ್ಟೆ. ಗುಮಾಸ್ತರು ಬಂದು ಹಿಡಿದುಕೊಂಡರು. ಮೇಡಂ ಏನೂ ಅನ್ನಲಿಲ್ಲ, ತುಂಬಾ ಹೊತ್ತು ಬರೆದುಕೊಳ್ಳುತ್ತಾ ಕೂತರು. ಮೂಳೆ ಡಾಕ್ಟರು ಸಾಕ್ಷಿಗೆ ಬಂದ ದಿನ ಮೇಡಂ ಕೇಳಿದ ಮೊದಲ ಪ್ರಶ್ನೆಯೇ ಅದು: ಇವರು ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡಬಲ್ಲರೇ? ಇಲ್ಲ ಅಂದರು ಡಾಕ್ಟರು. ನಡೆಯುತ್ತಾರಲ್ಲ, ಇನ್ನೇನು ಎಂದು ಆ ಕಡೆಯ ವಕೀಲರು ಹೇಳುತ್ತಿದ್ದ ವಾದ ಅಲ್ಲಿಗೆ ನಿಂತಿತು.

ಕುಡಿದು ಹತ್ತಿದ್ದ ಅಂತಲೂ ಆ ಕಡೆಯವರು ಹೇಳಿದರು. ಬೆಳಿಗ್ಗೆ ಹತ್ತೂವರೆಗೆ ಬಿದ್ದವನು ನಾನು. ನನ್ನ ಹೆಂಡತಿ ಅವತ್ತು ಕೋರ್ಟಿನ ಹೊರಗಿನ ಬೆಂಚಿನ ಮೇಲೆ ಕೂತು ಅತ್ತುಬಿಟ್ಟಳು. ಆಸ್ಪತ್ರೆಗೆ ಸೇರಿಸಿದಾಗ ಡ್ಯೂಟಿ ಡಾಕ್ಟರು ಬರೆದ ಎಂಎಲ್‌ಸಿ ಹಾಳೆಯಲ್ಲಿ (ಪೊಲೀಸ್ ಕೇಸಾಗಬಹುದಾದ ಪೆಟ್ಟಿಗೆ ಆಸ್ಪತ್ರೆಯವರು ಬರೆಯುವ ದಾಖಲೆ), ಬಾಯಿಂದ ಮದ್ಯದ ವಾಸನೆ ಇಲ್ಲ ಎಂದು ಒಂದು ಸಾಲಿತ್ತು. ಮೇಡಂ ಅದನ್ನು ಮೊದಲೇ ತರಿಸಿಟ್ಟುಕೊಂಡಿದ್ದರು.

ಲೆಕ್ಕವನ್ನು ಅವರು ಕ್ಯಾಲೆಂಡರಿನ ಹಿಂದೆ ಬರೆದು ತಿಳಿಸಿದ್ದು ಈಗಲೂ ನನ್ನ ಹತ್ತಿರ ಇದೆ. ತಿಂಗಳ ಸಂಬಳ ಎಷ್ಟೇ ಇರಲಿ, 2020ರ ಜನವರಿಯಿಂದ 15,000ದವರೆಗೆ ಮಾತ್ರ ಲೆಕ್ಕಕ್ಕೆ. ಅದರಲ್ಲಿ ನೂರಕ್ಕೆ ಅರವತ್ತು ಅಂದರೆ 9,000. ಮೂವತ್ತು ವರ್ಷದವನಿಗೆ ಕಾಯ್ದೆಯ ಪಟ್ಟಿಯಲ್ಲಿರುವ ಸಂಖ್ಯೆ 207.98. ಗುಣಿಸಿದರೆ 18,71,820. ನನ್ನ ದುಡಿಮೆಯ ಶಕ್ತಿ ನೂರಕ್ಕೆ ನಲವತ್ತು ಹೋಯಿತು ಎಂದು ಕೋರ್ಟು ಒಪ್ಪಿತು, ಹಾಗಾಗಿ 7,48,728. ಬಿದ್ದು ಒಂದು ತಿಂಗಳಾದಾಗಿನಿಂದ ವರ್ಷಕ್ಕೆ ನೂರಕ್ಕೆ ಹನ್ನೆರಡು ಬಡ್ಡಿ ಬೇರೆ. 2024ರ ನವೆಂಬರ್‌ನಲ್ಲಿ ಆದೇಶ ಆಯಿತು. ಹೈಕೋರ್ಟಿಗೆ ಹೋಗುತ್ತೇವೆ ಎಂದು ಬಿಲ್ಡರ್ ಹೆದರಿಸಿದಾಗ, ಮಾಲೀಕ ಮೇಲ್ಮನವಿ ಹಾಕಬೇಕಾದರೆ ಪೂರ್ತಿ ಹಣ ಮೊದಲು ಠೇವಣಿ ಇಡಬೇಕು, ನೀನು ಹೋಗಿ ನಿದ್ದೆ ಮಾಡು ಅಂದರು ಮೇಡಂ. ಹಣ ಕಟ್ಟಿದರು, ಮೇಲ್ಮನವಿ ಹಾಕಲಿಲ್ಲ.

ಬೇಸರದ ಮಾತುಗಳೂ ಇವೆ. ಆಫೀಸು ಮೊದಲನೇ ಮಹಡಿಯಲ್ಲಿದೆ, ಹತ್ತೊಂಬತ್ತು ಮೆಟ್ಟಿಲು, ಕಂಬಿಯಿಲ್ಲ. ಕಾಲು ಮುರಿದವರೇ ಬರುವ ಜಾಗ ಅದು. ಊರುಗೋಲು ಹಿಡಿದು ಮೊದಲ ಸಲ ಹತ್ತಿದಾಗ ಅರ್ಧಕ್ಕೆ ಕೂತುಬಿಟ್ಟಿದ್ದೆ. ಹೇಳಿದ ಮೇಲೆ ಜೆರಾಕ್ಸ್ ಅಂಗಡಿ ಮುಂದೆ ಒಂದು ಕುರ್ಚಿ ಹಾಕಿಸಿ, ಗುಮಾಸ್ತರನ್ನೇ ಕೆಳಗೆ ಕಳಿಸತೊಡಗಿದರು. ಫೋನ್ ಮಾಡಿದರೆ ಹಗಲು ಎತ್ತುವುದಿಲ್ಲ. ಎರಡು ಸಲ ವಾಯಿದೆ ಮುಂದಕ್ಕೆ ಹೋದದ್ದು ನನಗೆ ತಿಳಿಸದೆ, ಹರಪನಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಬಂದು ಸುಮ್ಮನೆ ವಾಪಸ್ ಹೋದೆ. ಕೂಲಿಯಿಲ್ಲದ ದಿನಗಳಲ್ಲಿ ಆ ಬಸ್ ಚಾರ್ಜು ನಮಗೆ ದೊಡ್ಡದು. ಇಷ್ಟಕ್ಕೆ ಒಂದು ಅಂಕ ಕಳೆದು ಐದಕ್ಕೆ ನಾಲ್ಕು ಕೊಡುತ್ತೇನೆ.

2025ರ ನವೆಂಬರ್‌ನಿಂದ ಆ 1923ರ ಕಾಯ್ದೆಯ ಬದಲು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ, ಆದ್ದರಿಂದ ಹೊಸದಾಗಿ ಬಿದ್ದು ಪೆಟ್ಟು ಮಾಡಿಕೊಂಡವರು ಯಾವ ಕಾನೂನಿನಡಿ ಅರ್ಜಿ ಎಂದು ವಕೀಲರನ್ನೇ ಕೇಳಿ. ಹೋಗುವಾಗ ಆಧಾರ್, ಆಸ್ಪತ್ರೆಯ ಎಲ್ಲಾ ಚೀಟಿ, ಎಕ್ಸ್‌ರೇ, ಬಟವಾಡೆಯ ಸಂದೇಶ ಇರುವ ಫೋನು ಇಟ್ಟುಕೊಂಡು ಹೋಗಿ. ಆ ಫೋನ್ ಒಡೆದಿದ್ದರೂ ಮಾರಬೇಡಿ. ಮೇಡಂ ಸಂಜೆ ಐದೂವರೆ ಮೇಲೆ ಸಿಗುತ್ತಾರೆ. ಮೆಟ್ಟಿಲು ಹತ್ತಬೇಡಿ, ಜೆರಾಕ್ಸ್ ಅಂಗಡಿಯವರಿಗೆ ಹೇಳಿದರೆ ಮೇಲಕ್ಕೆ ಕೂಗುತ್ತಾರೆ.